ಸೆಕೆಂಡ್ ಹ್ಯಾಂಡ್ ಬೈಕ್‌ನ ಆರ್‌ಸಿಯಲ್ಲಿ ‘ಕ್ಲಾಸ್’ ತಪ್ಪಿದೆಯಾ? ಗಡಿ ದಾಟುವ ಮೊದಲೇ ಸರಿಮಾಡಿಸಿ

ಮಂಜೇಶ್ವರ, ಉಪ್ಪಳ, ಪೆರ್ಲ, ಮುಳ್ಳೇರಿಯ ಕಡೆಯವರು ಹಳೆ ಬೈಕ್ ಹುಡುಕುವಾಗ ರಾಜ್ಯ ನೋಡುವುದಿಲ್ಲ. ಕಾಸರಗೋಡಿನ ಕೆಎಲ್ 14 ಸಿಕ್ಕಿದರೆ ಸರಿ, ಇಲ್ಲದಿದ್ದರೆ ಮಂಗಳೂರಿನ ಕೆಎ 19, ಅದೂ ಆಗದಿದ್ದರೆ ಪುತ್ತೂರಿನ ಕೆಎ 21. ರೇಟು ಕುದುರಿದರೆ ಗಾಡಿ ತಲಪಾಡಿ ಗಡಿ ದಾಟಿ ಬಂದೇ ಬಿಡುತ್ತದೆ. ಕೊಳ್ಳುವಾಗ ಇಂಜಿನ್ ಶಬ್ದ ಕೇಳುತ್ತೇವೆ, ಚೈನ್ ಎಳೆದು ನೋಡುತ್ತೇವೆ, ಟಯರ್ ಮುಟ್ಟುತ್ತೇವೆ. ಆರ್‌ಸಿಯಲ್ಲಿ ಮಾತ್ರ ಹೆಸರು, ನಂಬರ್, ವರ್ಷ ನೋಡಿ ಜೇಬಿಗೆ ಹಾಕುತ್ತೇವೆ. ಅದರಲ್ಲಿ ‘ವೆಹಿಕಲ್ ಕ್ಲಾಸ್’ ಎಂಬ ಒಂದು ಸಾಲು ಇದೆ. ಅದನ್ನು ಓದುವವರು ಕಡಿಮೆ.

ಆ ಸಾಲು ತಪ್ಪಿದ್ದರೆ ಗಾಡಿ ಓಡುವುದೇನೂ ನಿಲ್ಲುವುದಿಲ್ಲ. ಹಾಗಾಗಿಯೇ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇನ್ಶೂರೆನ್ಸ್ ಕಟ್ಟುವಾಗ, ಹೆಸರು ಬದಲಾಯಿಸುವಾಗ, ಅಥವಾ ಅಪಘಾತವಾಗಿ ಕ್ಲೇಮ್‌ಗೆ ಕೂತಾಗ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಯಾವ ಕಚೇರಿಯ ದಾಖಲೆಯಲ್ಲಿ ನುಸುಳಿದೆಯೋ ಅಲ್ಲೇ ತಿದ್ದಿಸಬೇಕು. ಅದೂ ಎನ್‌ಒಸಿ (ಗಾಡಿಯನ್ನು ಬೇರೆ ಕಚೇರಿಗೆ ಬದಲಾಯಿಸಲು ಹಳೆ ಕಚೇರಿ ಕೊಡುವ ನಿರಾಕ್ಷೇಪಣಾ ಪತ್ರ) ತೆಗೆಯುವ ಮೊದಲು, ಹೆಸರು ಬದಲಾಗುವ ಮೊದಲು, ಸಾಧ್ಯವಾದರೆ ಪೂರ್ತಿ ದುಡ್ಡು ಕೊಡುವ ಮೊದಲು. ಈ ಅನುಕ್ರಮ ತಲೆಕೆಳಗಾದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ನಿಜವಾಗಿ ತಪ್ಪಿದೆಯಾ ನೋಡಿ

ಮೊಬೈಲ್‌ನಲ್ಲಿ ಎಂಪರಿವಾಹನ್ ಆ್ಯಪ್ ತೆರೆದು ಗಾಡಿ ನಂಬರ್ ಹಾಕಿ. ಕೈಯಲ್ಲಿರುವ ಕಾರ್ಡ್ ಒಂದು ಹೇಳಬಹುದು, ‘ವಾಹನ್’ ಎಂಬ ಸರಕಾರದ ಕಂಪ್ಯೂಟರ್ ದಾಖಲೆ ಇನ್ನೊಂದು ಹೇಳಬಹುದು. ಈಗ ಪೊಲೀಸರಿಂದ ಹಿಡಿದು ಇನ್ಶೂರೆನ್ಸ್ ಕಂಪನಿಯವರೆಗೆ ಎಲ್ಲರೂ ನೋಡುವುದು ವಾಹನ್ ದಾಖಲೆಯನ್ನೇ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಸಾಮಾನ್ಯ ಖಾಸಗಿ ಬೈಕ್‌ಗೆ ಅಲ್ಲಿ ‘ಎಂ-ಸೈಕಲ್/ಸ್ಕೂಟರ್’ ಎಂದಿರುತ್ತದೆ, ಪಕ್ಕದಲ್ಲಿ ‘2ಡಬ್ಲ್ಯೂಎನ್’ ಎಂದು. ಕೊನೆಯ ಎನ್ ಎಂದರೆ ನಾನ್ ಟ್ರಾನ್ಸ್‌ಪೋರ್ಟ್, ಅಂದರೆ ಸ್ವಂತ ಬಳಕೆಯದ್ದು. ಇಲ್ಲಿ ಸುಮ್ನೆ ಗಾಬರಿಯಾಗುವವರು ಜಾಸ್ತಿ. “ನನ್ನದು ಸ್ಕೂಟರ್, ಇವರು ಮೋಟಾರ್ ಸೈಕಲ್ ಎಂದು ಹಾಕಿದ್ದಾರೆ” ಎಂದು ಓಡಿ ಬರುತ್ತಾರೆ. ಅದು ತಪ್ಪಲ್ಲ. ಬೈಕ್‌ಗೂ ಸ್ಕೂಟರಿಗೂ ಅಲ್ಲಿ ಒಂದೇ ವರ್ಗ. ಗೇರ್ ಇದೆಯೋ ಇಲ್ಲವೋ ಎಂಬುದು ನಿಮ್ಮ ಲೈಸೆನ್ಸಿನ ವಿಷಯ, ಗಾಡಿಯ ಈ ಸಾಲಿನದ್ದಲ್ಲ.

ಮೊಪೆಡ್ ಬೇರೆ ವರ್ಗ. ಮೀನು ಮಾರುವವರ, ಅಡಿಕೆ ಸಾಗಿಸುವವರ ಟಿವಿಎಸ್ ಎಕ್ಸ್‌ಎಲ್‌ನ ಆರ್‌ಸಿಯಲ್ಲಿ ‘ಮೊಪೆಡ್’ ಎಂದಿದ್ದರೆ ಸರಿಯಾಗಿಯೇ ಇದೆ. ಆದರೆ ಗೇರ್ ಇರುವ 125 ಸಿಸಿ ಬೈಕ್‌ಗೆ ಮೊಪೆಡ್ ಎಂದಿದ್ದರೆ ಅದು ತಪ್ಪು. ಬೈಕ್‌ಗೆ ‘ಮೋಟಾರ್ ಕಾರ್’ ಎಂದೋ, ಸೈಡ್ ಕಾರ್ ಇಲ್ಲದ ಗಾಡಿಗೆ ‘ವಿತ್ ಸೈಡ್ ಕಾರ್’ ಎಂದೋ ಇದ್ದರೂ ಹಾಗೆಯೇ. ಇಂಥ ತಪ್ಪು ಹೆಚ್ಚಾಗಿ ಹಳೆ ಗಾಡಿಗಳದ್ದೇ. ಅವುಗಳ ವಿವರ ಮೊದಲು ರಿಜಿಸ್ಟರ್ ಪುಸ್ತಕದಿಂದ ಕಂಪ್ಯೂಟರಿಗೆ ಬಂತು. ಆಮೇಲೆ ಹಳೆ ಸಾಫ್ಟ್‌ವೇರ್‌ನಿಂದ ವಾಹನ್‌ಗೆ ಬಂತು. ಕೇರಳದಲ್ಲಿ ವಾಹನ್ ಬರುವ ಮೊದಲು ಸ್ಮಾರ್ಟ್‌ಮೂವ್ ಎಂಬ ಬೇರೆ ವ್ಯವಸ್ಥೆಯೇ ಇತ್ತು. ಪ್ರತಿ ಸಲ ಕೈ ಬದಲಾದಾಗಲೂ ಪಟ್ಟಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಆಗುವ ಸಾಧ್ಯತೆ ಇದೆ. ಈಗಿನ ಹೊಸ ಗಾಡಿಗೆ ಕಂಪನಿಯೇ ಹಾಕಿದ ಮಾಡೆಲ್ ಪಟ್ಟಿಯಿಂದ ವಿವರ ಬರುತ್ತದೆ, ಹಾಗಾಗಿ ಇಂಥ ಎಡವಟ್ಟು ಕಡಿಮೆ.

ಇನ್ನೊಂದು ಜಾತಿ ಇದೆ, ಅದು ತಪ್ಪಿನ ಹಾಗೆ ಕಾಣುತ್ತದೆ, ಆದರೆ ತಪ್ಪಲ್ಲ. ಆರ್‌ಸಿಯಲ್ಲಿ ‘ಯೂಸ್ಡ್ ಫಾರ್ ಹೈರ್’ ಎಂದೂ ‘2ಡಬ್ಲ್ಯೂಟಿ’ ಎಂದೂ ಇದ್ದರೆ ನಿಲ್ಲಿ. ಆ ಬೈಕ್ ಬಾಡಿಗೆಗೆ ಓಡಿದ್ದಿರಬಹುದು. ದೇಶದಲ್ಲಿ 1997ರಿಂದ ಬೈಕ್ ಬಾಡಿಗೆಗೆ ಕೊಡುವ ಯೋಜನೆ ಇದೆ. ನಾವೇ ಓಡಿಸುವ ಬಾಡಿಗೆ ಬೈಕ್‌ಗಳಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ. ಗೋವಾ ಕಡೆಯಿಂದ ಅಗ್ಗಕ್ಕೆ ಬರುವ ಗಾಡಿಗಳಲ್ಲಿ ಇದನ್ನು ಮೊದಲು ನೋಡಬೇಕು. ಮಾರುವವರು ಪ್ಲೇಟ್ ಬದಲಾಯಿಸಿ ಬಿಳಿ ಹಾಕಿರಬಹುದು. ಬಿಸಿಲಿಗೆ ಮಾಸಿದ ಬಾಡಿಯ ನಡುವೆ ಪ್ಲೇಟ್ ಮಾತ್ರ ಹೊಚ್ಚಹೊಸದಾಗಿದ್ದರೆ ಒಂದು ಮಾತು ಕೇಳಿ. ಹಾಗೆಯೇ ‘ಅಡಾಪ್ಟೆಡ್ ವೆಹಿಕಲ್’ ಎಂದಿದ್ದರೆ ಗಾಡಿ ಅಂಗವಿಕಲರ ಹೆಸರಿನಲ್ಲಿ ತೆರಿಗೆ ರಿಯಾಯಿತಿ ಪಡೆದು ನೋಂದಣಿಯಾಗಿದ್ದಿರಬಹುದು. ಪಕ್ಕದ ಚಕ್ರ ಬಿಚ್ಚಿ ಮಾರಿರುತ್ತಾರೆ.

ಈ ಎರಡರಲ್ಲೂ ದಾಖಲೆ ಸರಿಯಾಗಿದೆ, ಗಾಡಿಯ ಬಳಕೆ ಬದಲಾಗಿದೆ. ಅದಕ್ಕೆ ಬೇಕಾದ್ದು ತಿದ್ದುಪಡಿ ಅಲ್ಲ, ವರ್ಗ ಪರಿವರ್ತನೆ. ಪರ್ಮಿಟ್ ಒಪ್ಪಿಸುವುದು, ತೆರಿಗೆ ವ್ಯತ್ಯಾಸ ಕಟ್ಟುವುದು ಎಲ್ಲ ಅದರಲ್ಲಿ ಬರುತ್ತದೆ. ಇದನ್ನು ‘ಗುಮಾಸ್ತರ ತಪ್ಪು, ತಿದ್ದಿ ಕೊಡಿ’ ಎಂದು ಅರ್ಜಿ ಹಾಕಿದರೆ ಕೆಲಸ ಆಗುವುದಿಲ್ಲ. ಸುಳ್ಳು ಹೇಳಿದ ಹಾಗೂ ಆಗುತ್ತದೆ. ಮುಖ್ಯ ವಿವರಗಳಲ್ಲಿ ಸುಳ್ಳು ದಾಖಲೆ ಕೊಟ್ಟು ಪಡೆದ ನೋಂದಣಿಯನ್ನು ರದ್ದು ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್‌ನಲ್ಲಿ ಇದೆ ಎಂಬುದು ನೆನಪಿರಲಿ.

ಹಾಗೇ ಬಿಟ್ಟರೆ ಏನು?

“ಇಷ್ಟು ವರ್ಷ ಓಡಿದೆ, ಇನ್ನೂ ಓಡಲಿ ಮಾರಾಯ್ರೆ” ಎನ್ನುವವರಿದ್ದಾರೆ. ಬೈಕ್ ಗುಜರಿಗೆ ಹಾಕುವ ವಯಸ್ಸಿನದ್ದಾದರೆ ಹಾಗೆ ಹೇಳಿದ್ದರಲ್ಲಿ ಅರ್ಥವೂ ಇದೆ. ಆದರೆ ಗಾಡಿಯನ್ನು ಇನ್ನೂ ನಾಲ್ಕಾರು ವರ್ಷ ಇಟ್ಟುಕೊಳ್ಳುವವರು ಇನ್ಶೂರೆನ್ಸ್ ಬಗ್ಗೆ ಯೋಚಿಸಬೇಕು.

ಥರ್ಡ್ ಪಾರ್ಟಿ ಪ್ರೀಮಿಯಂ ನಿಂತಿರುವುದೇ ವರ್ಗ ಮತ್ತು ಸಿಸಿ ಮೇಲೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 75 ಸಿಸಿವರೆಗಿನ ದ್ವಿಚಕ್ರಕ್ಕೆ 538 ರೂಪಾಯಿ, 75ರಿಂದ 150 ಸಿಸಿಗೆ 714, 150ರಿಂದ 350ಕ್ಕೆ 1,366, ಅದಕ್ಕಿಂತ ಮೇಲೆ 2,804. ವರ್ಗ ತಪ್ಪಾದ ಕಡೆ ಸಿಸಿಯೂ ತಪ್ಪಾಗಿರುವುದು ಉಂಟು. ಆಗ ನೀವು ಕಟ್ಟಿದ ಪ್ರೀಮಿಯಂ ಒಂದು ಗಾಡಿಗೆ, ಓಡಿಸಿದ್ದು ಇನ್ನೊಂದನ್ನು ಎಂದಾಗುತ್ತದೆ. ಅಪಘಾತವಾದರೆ ಕಂಪನಿಯ ಸರ್ವೇಯರ್ ಮೊದಲು ಮೇಜಿನ ಮೇಲೆ ಹರಡುವುದು ಆರ್‌ಸಿ, ಪಾಲಿಸಿ, ಲೈಸೆನ್ಸ್. ಮೂರೂ ಒಂದಕ್ಕೊಂದು ತಾಳೆಯಾಗದಿದ್ದರೆ ತಕರಾರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಟ್ರಾನ್ಸ್‌ಪೋರ್ಟ್ ಎಂದು ತಪ್ಪಾಗಿ ಬಿದ್ದಿದ್ದರೆ ತಲೆನೋವು ಇನ್ನೂ ಹೆಚ್ಚು. ಖಾಸಗಿ ಬೈಕ್‌ನ ನೋಂದಣಿ 15 ವರ್ಷ ನಡೆಯುತ್ತದೆ. ಟ್ರಾನ್ಸ್‌ಪೋರ್ಟ್ ಗಾಡಿಗೆ ಎಂಟು ವರ್ಷದವರೆಗೆ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಬೇಕು. ನಿಮ್ಮ ಮನೆ ಬೈಕ್‌ಗೆ ಎಫ್‌ಸಿ ಇಲ್ಲ ಎಂದು ದಂಡ ಬಂದರೆ ರಸ್ತೆ ಬದಿಯಲ್ಲಿ ನಿಂತು ಯಾರ ಹತ್ತಿರ ವಾದ ಮಾಡುತ್ತೀರಿ?

ಯಾರು ಅರ್ಜಿ ಹಾಕಬೇಕು, ಎಲ್ಲಿ?

ಎಡವುವುದು ಹೆಚ್ಚಾಗಿ ಇಲ್ಲೇ. ತಿದ್ದುಪಡಿಗೆ ಅರ್ಜಿ ಹಾಕಬೇಕಾದವರು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು. ನೀವು ದುಡ್ಡು ಕೊಟ್ಟಿದ್ದೀರಿ, ಗಾಡಿ ನಿಮ್ಮ ಅಂಗಳದಲ್ಲಿದೆ, ಆದರೂ ಆರ್‌ಸಿಯಲ್ಲಿ ಹಳೆಯವರ ಹೆಸರಿದ್ದರೆ ಕಚೇರಿಗೆ ನೀವು ಯಾರೂ ಅಲ್ಲ.

ಪೆರ್ಲ ಕಡೆಯ ಪರಿಚಯದವರೊಬ್ಬರ ಕಥೆ ಹೇಳುತ್ತೇನೆ. ಗಡಿಯಾಚೆಯಿಂದ 125 ಸಿಸಿ ಬೈಕ್ ತಂದರು. ಆರ್‌ಸಿಯಲ್ಲಿ ಮೊಪೆಡ್ ಎಂದಿತ್ತು. ಕಂಡಿದ್ದರು ಕೂಡ. “ಕೇರಳಕ್ಕೆ ಹೇಗೂ ಬದಲಾಯಿಸಬೇಕಲ್ಲ, ಆಗಲೇ ಸರಿಮಾಡಿಸುವ” ಎಂದುಕೊಂಡು ಎನ್‌ಒಸಿ ತೆಗೆದು ಬಂದರು. ಇಲ್ಲಿನ ಕಚೇರಿಯವರು ಗಾಡಿ ನೋಡಿದರು, ಕಾಗದ ನೋಡಿದರು. “ಅಲ್ಲಿಂದ ಬಂದ ದಾಖಲೆಯಲ್ಲಿ ಮೊಪೆಡ್ ಇದೆ. ಮೂಲ ಕಡತ ನಮ್ಮಲ್ಲಿಲ್ಲ. ಅಲ್ಲಿಯೇ ತಿದ್ದಿಸಿಕೊಂಡು ಬನ್ನಿ” ಎಂದರು. ಅಲ್ಲಿಗೆ ಹೋದರೆ, “ಎನ್‌ಒಸಿ ಕೊಟ್ಟಾಯಿತು. ಅದನ್ನು ರದ್ದು ಮಾಡಿಸದೆ ನಮ್ಮ ಕಂಪ್ಯೂಟರ್‌ನಲ್ಲಿ ಕೈ ಹಾಕಲು ಆಗುವುದಿಲ್ಲ” ಎಂದರು. ರದ್ದತಿಗೆ ಸಹಿ ಹಾಕಬೇಕಾದ ಹಳೆ ಮಾಲೀಕರು ಅಷ್ಟರಲ್ಲಿ ಗಲ್ಫ್‌ಗೆ ಹೋಗಿದ್ದರು. ಎರಡು ಕಚೇರಿಯವರು ಹೇಳಿದ್ದೂ ಅವರವರ ಮಟ್ಟಿಗೆ ಸರಿಯೇ. ನಡುವೆ ಸಿಕ್ಕಿಬಿದ್ದದ್ದು ಇವರು.

ಆದ್ದರಿಂದ ನಿಮ್ಮದು ಯಾವ ಪರಿಸ್ಥಿತಿ ಎಂದು ಮೊದಲು ಗುರುತಿಸಿ.

ಇನ್ನೂ ಕೊಂಡಿಲ್ಲ, ಮಾತುಕತೆ ನಡೆಯುತ್ತಿದೆ ಎಂದಾದರೆ ನೀವು ಅದೃಷ್ಟವಂತರು. ಮಾರುವವರಿಗೆ ಹೇಳಿ: “ಅಣ್ಣ, ಅಡ್ವಾನ್ಸ್ ಕೊಡುತ್ತೇನೆ, ಕ್ಲಾಸ್ ಸರಿಮಾಡಿಸಿ ಕೊಡಿ, ಬಾಕಿ ಆಗ ಕೊಡುತ್ತೇನೆ.” ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡು ಪೂರ್ತಿ ಕೈಸೇರಿದ ಮೇಲೆ ಮಾರಿದವರಿಗೆ ಆರ್‌ಟಿಒ ಕಚೇರಿಗೆ ಬರುವ ಉಮೇದು ಇರುವುದಿಲ್ಲ, ಅದು ಮನುಷ್ಯ ಸಹಜ. ಹಳೆ ಗಾಡಿ ಅಂಗಡಿಯಿಂದ ಕೊಳ್ಳುವುದಾದರೆ ಅವರಿಗೆ ಆರ್‌ಟಿಒ ಅಧಿಕಾರ ಪತ್ರ ಇದೆಯೇ ಕೇಳಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಅಧಿಕೃತ ಡೀಲರ್ ತನ್ನ ವಶದಲ್ಲಿರುವ ಗಾಡಿಗೆ ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ. ಡೂಪ್ಲಿಕೇಟ್ ಆರ್‌ಸಿ, ಎನ್‌ಒಸಿ, ಹೆಸರು ಬದಲಾವಣೆಗೆ ಅವನೇ ಅರ್ಜಿ ಹಾಕಬಹುದು. ಅಂಥವರ ಹತ್ತಿರ ಕೊಂಡರೆ ಹಳೆ ಮಾಲೀಕರನ್ನು ಹುಡುಕುವ ಕಷ್ಟ ಅಷ್ಟು ಕಡಿಮೆ.

ಗಾಡಿ ಕೆಎಲ್ ನಂಬರಿನದ್ದೇ, ಹೆಸರೂ ನಿಮ್ಮದಾಗಿದೆ ಎಂದಾದರೆ ದಾರಿ ಸುಲಭ. ನೀವೇ ಅರ್ಜಿದಾರರು. ಮೊದಲ ನೋಂದಣಿ ಕಾಸರಗೋಡಿನ ಕೆಎಲ್ 14ರಲ್ಲೋ, ಕಾಞಂಗಾಡಿನ ಕೆಎಲ್ 60ರಲ್ಲೋ, ವೆಳ್ಳರಿಕುಂಡಿನ ಕೆಎಲ್ 79ರಲ್ಲೋ ನೋಡಿಕೊಳ್ಳಿ. ಮೂಲ ಕಡತ ಇರುವುದು ಅಲ್ಲಿ.

ಗಾಡಿ ಕೆಎ ನಂಬರಿನದ್ದು, ಎನ್‌ಒಸಿ ಇನ್ನೂ ತೆಗೆದಿಲ್ಲ ಎಂದಾದರೆ ಅಲ್ಲಿಯೇ, ಹಳೆ ಮಾಲೀಕರ ಸಹಿಯಲ್ಲೇ, ಮೊದಲು ತಿದ್ದುಪಡಿ. ಎನ್‌ಒಸಿ ತೆಗೆದಾಗಿದೆ, ಆದರೆ ಕೇರಳದಲ್ಲಿ ಇನ್ನೂ ನೋಂದಣಿ ಮಾಡಿಸಿಲ್ಲ ಎಂದಾದರೆ ಎನ್‌ಒಸಿ ರದ್ದು ಮಾಡಿಸಿ ತಿದ್ದಿಸುವುದೇ ಕೊನೆಗೆ ಹತ್ತಿರದ ದಾರಿ. ಸುತ್ತು ಎನಿಸಿದರೂ.

ಪುರಾವೆ ಜೋಡಿಸುವುದು

ನಿಮ್ಮ ಕಣ್ಣಿಗೆ ಅದು ಬೈಕ್ ಎಂದು ಕಾಣುತ್ತದೆ, ಅಧಿಕಾರಿಯ ಕಣ್ಣಿಗೂ ಕಾಣುತ್ತದೆ. ಆದರೆ ಅವರು ಕಂಪ್ಯೂಟರ್‌ನಲ್ಲಿ ಬದಲಾಯಿಸಿದರೆ ನಾಳೆ ಆಡಿಟ್‌ನವರಿಗೆ ಉತ್ತರ ಕೊಡಬೇಕು. ಕಡತದಲ್ಲಿ ಇಡಲು ಅವರಿಗೆ ಕಾಗದ ಬೇಕು.

ಎಲ್ಲಕ್ಕಿಂತ ಗಟ್ಟಿ ಪುರಾವೆ ಫಾರ್ಮ್ 21. ಗಾಡಿ ಹೊಸದಾಗಿ ಮಾರಾಟವಾದಾಗ ಡೀಲರ್ ಕೊಟ್ಟ ಸೇಲ್ ಸರ್ಟಿಫಿಕೇಟ್. ಅದರಲ್ಲಿ ವಿವರಗಳ ಪಟ್ಟಿ ಶುರುವಾಗುವುದೇ ‘ಕ್ಲಾಸ್ ಆಫ್ ವೆಹಿಕಲ್’ ಎಂಬ ಸಾಲಿನಿಂದ. ಆಮೇಲೆ ಕಂಪನಿ ಹೆಸರು, ಚಾಸಿ ನಂಬರ್, ಇಂಜಿನ್ ನಂಬರ್, ಸಿಸಿ, ಸೀಟು. ಜೊತೆಗೆ ಫಾರ್ಮ್ 22, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂದು ತಯಾರಕರು ಕೊಡುವ ಪತ್ರ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇವು ಕೈಗೆ ಸಿಗುವುದು ಅಪರೂಪ. ಮೊದಲ ಮಾಲೀಕರ ಮನೆಯ ಟ್ರಂಕಿನಲ್ಲಿ ಸಿಕ್ಕಿದರೆ ಸಿಕ್ಕಿತು. ಇಲ್ಲದಿದ್ದರೆ ಮಾರಿದ ಷೋರೂಮ್‌ಗೆ ಚಾಸಿ ನಂಬರ್ ಕೊಟ್ಟು ಕೇಳಿ. ಷೋರೂಮ್ ಮುಚ್ಚಿದ್ದರೆ ಕಂಪನಿಯ ಈಗಿನ ಯಾವುದಾದರೂ ಡೀಲರ್ ಮೂಲಕ, ‘ಈ ಚಾಸಿ ನಂಬರಿನ ಗಾಡಿ ಇಂಥ ಮಾಡೆಲ್, ಇಷ್ಟು ಸಿಸಿ, ಇಂಥ ವರ್ಗ’ ಎಂಬ ಪತ್ರ ತರಿಸಬಹುದು. ಲೆಟರ್‌ಹೆಡ್, ಸೀಲು, ಸಹಿ ಇರಲಿ.

ಎರಡನೆಯದು ಕಚೇರಿಯದ್ದೇ ದಾಖಲೆ. ಕರ್ನಾಟಕದ ಕಡೆ ಇದಕ್ಕೆ ಬಿ ಎಕ್ಸ್‌ಟ್ರಾಕ್ಟ್ ಎನ್ನುತ್ತಾರೆ. ಕೇರಳದಲ್ಲಿ ಆರ್‌ಸಿ ಪರ್ಟಿಕ್ಯುಲರ್ಸ್ ಎಂದು ಕೇಳಿದರೆ ಆಯಿತು. ರಿಜಿಸ್ಟರ್‌ನಲ್ಲಿ ಸರಿ ಇದ್ದು ಕಾರ್ಡ್‌ನಲ್ಲಿ ಮಾತ್ರ ತಪ್ಪಿದ್ದರೆ ಕೆಲಸ ಅರ್ಧ ಮುಗಿದ ಹಾಗೆ. ಹಳೆ ಕಾಲದ ಪುಸ್ತಕದ ಆರ್‌ಸಿ ಇದ್ದರೆ ಅದನ್ನು ಯಾವ ಕಾರಣಕ್ಕೂ ಬಿಸಾಡಬೇಡಿ. ಮೊದಲ ವರ್ಷದ ಇನ್ಶೂರೆನ್ಸ್ ಪಾಲಿಸಿಯೂ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಇದನ್ನು ತೆಗೆಯುವುದೇ ಒಂದು ಕೈಚಳಕ. ಹೆಚ್ಚಿನ ಬೈಕ್‌ಗಳಲ್ಲಿ ನಂಬರ್ ಇರುವುದು ಹ್ಯಾಂಡಲ್ ಕೆಳಗಿನ ಕೊಳವೆಯ ಬದಿಯಲ್ಲಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಕೇಬಲ್‌ಗಳನ್ನು ಬದಿಗೆ ಸರಿಸಿದರೆ ಕಾಣುತ್ತದೆ. ಅಲ್ಲಿ ಎಣ್ಣೆ ಮಣ್ಣು ಸೇರಿ ಕಪ್ಪು ಜಿಡ್ಡು ಕಟ್ಟಿರುತ್ತದೆ. ಸೀಮೆ ಎಣ್ಣೆಯೋ ಪೆಟ್ರೋಲೋ ಅದ್ದಿದ ಬಟ್ಟೆಯಲ್ಲಿ ಮೆಲ್ಲನೆ ಉಜ್ಜಿ, ಒಣಗಲು ಬಿಡಿ. ತೆಳು ಬಿಳಿ ಕಾಗದದ ಪಟ್ಟಿಯನ್ನು ಬಿಗಿಯಾಗಿ ಇಟ್ಟು ಎರಡೂ ತುದಿಗೆ ಟೇಪ್ ಹಚ್ಚಿ. ಪೆನ್ಸಿಲನ್ನು ಚೂಪು ತುದಿಯಲ್ಲಿ ಅಲ್ಲ, ಓರೆಯಾಗಿ ಮಲಗಿಸಿ ಒಂದೇ ದಿಕ್ಕಿಗೆ ತಿಕ್ಕಿ. ಒಂದೊಂದೇ ಅಕ್ಷರ ಬಿಳಿಯಾಗಿ ಏಳುತ್ತದೆ. ತೀರಾ ಹಳೆಯದಲ್ಲದ ಗಾಡಿಯಾದರೆ ಹದಿನೇಳು ಅಕ್ಷರ ಇರಬೇಕು. ಅದರಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲ. ಆರ್‌ಸಿಯಲ್ಲಿ ‘ಒ’ ಎಂದು ಕಂಡರೆ ಅದು ಸೊನ್ನೆಯಾಗಬೇಕಿತ್ತು. ಅದನ್ನೂ ಇದೇ ಅರ್ಜಿಯಲ್ಲಿ ಸೇರಿಸಿ. ಎರಡು ಮೂರು ಪ್ರತಿ ತೆಗೆದಿಟ್ಟುಕೊಳ್ಳಿ, ಕೌಂಟರಿನಲ್ಲಿ ಒಂದು ಹರಿದುಹೋಗುವುದು ಇದ್ದದ್ದೇ.

ಕಡಲ ಬದಿಯ ಊರುಗಳಲ್ಲಿ ಒಂದು ಸಮಸ್ಯೆ ಇದೆ. ಉಪ್ಪು ಗಾಳಿ, ಐದು ತಿಂಗಳ ಮಳೆ, ಎರಡೂ ಸೇರಿ ಆ ನಂಬರಿನ ಮೇಲೆ ತುಕ್ಕು ಏರಿರುತ್ತದೆ. ಆಗ ಉಪ್ಪುಕಾಗದ ತೆಗೆದುಕೊಂಡು ಉಜ್ಜಲು ಹೋಗಬೇಡಿ. ಅಕ್ಷರದ ಅಂಚು ಸವೆದರೆ, ‘ನಂಬರ್ ತಿದ್ದಿದ್ದಾರೆ’ ಎಂಬ ಸಂಶಯ ಬರುತ್ತದೆ. ವರ್ಗ ತಿದ್ದಿಸಲು ಹೋಗಿ ಕಳ್ಳ ಗಾಡಿಯ ಪ್ರಶ್ನೆಗೆ ಉತ್ತರ ಹೇಳುವ ಪರಿಸ್ಥಿತಿ ಬರುವುದು ಬೇಡ. ಓದಲು ಆಗದಷ್ಟು ತುಕ್ಕಾಗಿದ್ದರೆ ಹಾಗೆಯೇ ಇನ್‌ಸ್ಪೆಕ್ಟರ್‌ಗೆ ತೋರಿಸಿ. ಮತ್ತೆ ಪಂಚ್ ಮಾಡಿಸುವುದೇನಿದ್ದರೂ ಕಚೇರಿಯ ಅನುಮತಿಯಿಂದಲೇ.

ಅರ್ಜಿ ಹೇಗೆ ಬರೆಯುವುದು

ಪರಿವಾಹನ್ ಜಾಲತಾಣದಲ್ಲಿ ಹೆಸರು ಬದಲಾವಣೆ, ವಿಳಾಸ, ಎನ್‌ಒಸಿ, ಸಾಲದ ನಮೂದು ತೆಗೆಸುವುದು, ಗಾಡಿಯ ಮಾರ್ಪಾಡು, ಪರಿವರ್ತನೆ ಹೀಗೆ ಒಂದೊಂದಕ್ಕೆ ಒಂದೊಂದು ಸೇವೆ ಇದೆ. ಹತ್ತಿರದ್ದು ಎಂದು ‘ಮಾರ್ಪಾಡು’ ಅಥವಾ ‘ಪರಿವರ್ತನೆ’ ಒತ್ತಬೇಡಿ. ಆ ಎರಡಕ್ಕೂ ಅರ್ಥ ನೀವು ಏನೋ ಬದಲಾಯಿಸಿದ್ದೀರಿ ಎಂದು. ಇಲ್ಲಿ ನೀವು ಏನೂ ಬದಲಾಯಿಸಿಲ್ಲ, ದಾಖಲೆ ತಪ್ಪಿದೆ ಅಷ್ಟೆ. ದಾಖಲೆ ತಿದ್ದುವುದು ಕಚೇರಿಯವರ ಲಾಗಿನ್‌ನಲ್ಲಿ ಆಗುವ ಕೆಲಸ. ಹಾಗಾಗಿ ಬಿಳಿ ಹಾಳೆಯ ಅರ್ಜಿಯೇ ಬೇಕು. ಹೀಗೆ ಬರೆದರೆ ಸಾಕು:

“ನೋಂದಣಿ ಪ್ರಾಧಿಕಾರಿಗಳಿಗೆ,

ವಿಷಯ: ಆರ್‌ಸಿಯಲ್ಲಿ ವಾಹನದ ವರ್ಗ ತಪ್ಪಾಗಿ ದಾಖಲಾಗಿರುವುದನ್ನು ಸರಿಪಡಿಸುವ ಬಗ್ಗೆ.

ಮಾನ್ಯರೇ, ……… ನೋಂದಣಿ ಸಂಖ್ಯೆ, ……… ಚಾಸಿ ಸಂಖ್ಯೆ, ……… ಇಂಜಿನ್ ಸಂಖ್ಯೆಯ ಬೈಕ್ ನನ್ನ ಹೆಸರಿನಲ್ಲಿದೆ. ಇದರ ಆರ್‌ಸಿಯಲ್ಲಿ ಹಾಗೂ ವಾಹನ್ ದಾಖಲೆಯಲ್ಲಿ ವರ್ಗ ‘ಮೊಪೆಡ್’ ಎಂದಿದೆ. ಲಗತ್ತಿಸಿದ ಫಾರ್ಮ್ 21ರ ಪ್ರಕಾರ ಇದು ಮೋಟಾರ್ ಸೈಕಲ್. ವಾಹನಕ್ಕೆ ಯಾವುದೇ ಮಾರ್ಪಾಡು ಮಾಡಿಲ್ಲ. ಬಳಕೆಯ ಉದ್ದೇಶವೂ ಬದಲಾಗಿಲ್ಲ. ಮೂಲ ನೋಂದಣಿ ಕಡತದೊಂದಿಗೆ ಹೋಲಿಸಿ, ಬೇಕಿದ್ದರೆ ವಾಹನವನ್ನು ತಪಾಸಣೆ ಮಾಡಿ, ವರ್ಗವನ್ನು ‘ಎಂ-ಸೈಕಲ್/ಸ್ಕೂಟರ್’ ಎಂದು ತಿದ್ದಿಕೊಡಬೇಕಾಗಿ ವಿನಂತಿ.”

ಕೆಳಗೆ ಲಗತ್ತುಗಳ ಪಟ್ಟಿ, ಫೋನ್ ನಂಬರ್, ಸಹಿ. ‘ಮಾರ್ಪಾಡು ಮಾಡಿಲ್ಲ, ಬಳಕೆ ಬದಲಾಗಿಲ್ಲ’ ಎಂಬ ಎರಡು ಸಾಲೇ ಅರ್ಜಿಯ ಜೀವ. ಅವನ್ನು ಬಿಡಬೇಡಿ. ವರ್ಗದ ಹೆಸರನ್ನು ಮಾತ್ರ ಆರ್‌ಸಿಯಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ.

ಕನ್ನಡದಲ್ಲಿ ಕೊಡಬಹುದಾ ಎಂದು ಕೇಳುವವರಿದ್ದಾರೆ. ಕಾಸರಗೋಡಿನಲ್ಲಿ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಭಾಷಿಕರಿಗೆ ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ಪತ್ರ ವ್ಯವಹಾರ ಮಾಡುವ ಅವಕಾಶವಿದೆ. ಹಕ್ಕು ಹಕ್ಕೇ, ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಆದರೂ ನನ್ನ ಸಲಹೆ: ಕನ್ನಡ ಅರ್ಜಿಯ ಜೊತೆ ಇಂಗ್ಲಿಷಿನ ಒಂದು ಪುಟ ಇಡಿ. ಕನ್ನಡ ಓದಲು ಬಾರದ ಗುಮಾಸ್ತರ ಮೇಜಿಗೆ ಕಡತ ಹೋದರೆ, ಅನುವಾದಕ್ಕೆ ಕಾಯುತ್ತಾ ಅಲ್ಲೇ ಕೂರುವುದು ತಪ್ಪುತ್ತದೆ. ಟೈಪ್ ಮಾಡಿಸಲು, ಆನ್‌ಲೈನ್ ಶುಲ್ಕ ಕಟ್ಟಲು ಊರಿನ ಅಕ್ಷಯ ಕೇಂದ್ರ ಸಾಕು.

ಕಚೇರಿಯಲ್ಲಿ

ಹೋಗುವ ಮೊದಲು ಮೂರು ಬಾಕಿ ನೋಡಿ. ಇ-ಚಲನ್ ದಂಡ ಉಳಿದಿದ್ದರೆ ಕಟ್ಟಿ, ಅದು ಉಳಿದರೆ ಯಾವ ಕೆಲಸವೂ ಮುಂದೆ ಹೋಗುವುದು ಕಷ್ಟ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ಸಾಲ ತೀರಿದ ಬಗ್ಗೆ ಅವರಿಂದ ಎನ್‌ಒಸಿ ಮತ್ತು ಫಾರ್ಮ್ 35 ತೆಗೆದುಕೊಳ್ಳಿ. ಸಾಲ ತೀರಿ ಹತ್ತು ವರ್ಷವಾದರೂ ಆರ್‌ಸಿಯಲ್ಲಿ ಹೆಸರು ಹಾಗೆಯೇ ಕೂತಿರುವ ಗಾಡಿಗಳು ಬೇಕಾದಷ್ಟಿವೆ. ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ವಾಹನ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ ಎಂಬುದನ್ನೂ ಗಮನಿಸಿ, ಒಟಿಪಿ ಹೋಗುವುದು ಆ ನಂಬರಿಗೆ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಇಲ್ಲದೆ ಕೌಂಟರ್ ಬಿಡಬೇಡಿ. ನಂಬರ್ ಕೊಡದಿದ್ದರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ.

ಗಾಡಿ ತರಲು ಹೇಳಿದರೆ ಬೆಳಿಗ್ಗೆ ಬೇಗ ಹೋಗಿ. ಇನ್‌ಸ್ಪೆಕ್ಟರ್ ಚಾಸಿ ನಂಬರ್, ಇಂಜಿನ್ ನಂಬರ್ ನೋಡುತ್ತಾರೆ, ಗಾಡಿಯ ರೂಪ ನೋಡುತ್ತಾರೆ. ಸೈಲೆನ್ಸರ್ ಬದಲಾಯಿಸಿದ್ದರೆ, ಅಗಲ ಟಯರ್ ಹಾಕಿದ್ದರೆ ಮೊದಲು ಕಂಪನಿಯದ್ದೇ ಹಾಕಿಕೊಂಡು ಹೋಗಿ. ‘ಮಾರ್ಪಾಡು ಮಾಡಿಲ್ಲ’ ಎಂದು ಬರೆದು ಕೊಟ್ಟು, ಗುಡುಗುಡು ಶಬ್ದ ಮಾಡುತ್ತಾ ಅಂಗಳಕ್ಕೆ ನುಗ್ಗಿದರೆ ಯಾರು ನಂಬುತ್ತಾರೆ?

ತೆರಿಗೆಯ ಮಾತು ಬರಬಹುದು. ಕಡಿಮೆ ತೆರಿಗೆಯ ವರ್ಗದಲ್ಲಿ ಬಿದ್ದಿದ್ದರೆ ವ್ಯತ್ಯಾಸ ಕಟ್ಟಿ ಎನ್ನುತ್ತಾರೆ. ಲೆಕ್ಕವನ್ನು ಬರಹದಲ್ಲಿ ಕೇಳಿ, ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಇದನ್ನು ಯಾರು ಹೊರಬೇಕು ಎಂಬುದನ್ನು ಮಾರುವವರ ಜೊತೆ ಮೊದಲೇ ಮಾತಾಡಿದ್ದರೆ ಒಳ್ಳೆಯದು.

ಏಜೆಂಟರ ವಿಷಯ. ಫಾರ್ಮ್ ತುಂಬಿಸಲು, ಕ್ಯೂ ನಿಲ್ಲಲು ಅವರನ್ನು ಇಟ್ಟುಕೊಂಡರೆ ನನಗೇನೂ ಆಕ್ಷೇಪವಿಲ್ಲ, ಒಂದು ದಿನದ ಕೂಲಿ ಬಿಟ್ಟು ಬರುವವರ ಕಷ್ಟ ಗೊತ್ತು. ಆದರೆ ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. “ಕಾಗದ ಏನೂ ಬೇಡ, ಒಳಗೇ ಮಾಡಿಸುತ್ತೇನೆ” ಎನ್ನುವವರಿಂದ ದೂರ ಇರಿ. ಹಾಗೆ ಕಡತವಿಲ್ಲದೆ ಆದ ತಿದ್ದುಪಡಿ ಮುಂದಿನ ಮಾರಾಟದಲ್ಲಿ ಮತ್ತೆ ಪ್ರಶ್ನೆಯಾಗುತ್ತದೆ.

ಕೆಲಸ ನಿಂತೇ ಹೋದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ, ‘ಇಂಥ ತಾರೀಕಿನ ಅರ್ಜಿಯ ಮೇಲೆ ಏನು ಕ್ರಮವಾಗಿದೆ, ಮೂಲ ಕಡತದ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಆ ಕಡತದಲ್ಲೇ ಎಷ್ಟೋ ಸಲ ಕಳೆದುಹೋದ ಫಾರ್ಮ್ 21 ಇರುತ್ತದೆ.

ತಿದ್ದುಪಡಿ ಆದ ಮೇಲೆ

ಕಾರ್ಡ್ ಕೈಗೆ ಬರುವ ತನಕ ಕಾಯಬೇಡಿ, ಎಂಪರಿವಾಹನ್‌ನಲ್ಲಿ ನೋಡಿ. ಡಿಜಿಲಾಕರ್‌ನಲ್ಲಿ ಹಳೆ ಪ್ರತಿ ಇದ್ದರೆ ತೆಗೆದು ಹೊಸದಾಗಿ ಇಳಿಸಿಕೊಳ್ಳಿ. ವರ್ಗದ ಜೊತೆ ಸಿಸಿ, ಸೀಟು, ಇಂಧನ, ಚಾಸಿ ನಂಬರ್ ಎಲ್ಲವನ್ನೂ ಮತ್ತೊಮ್ಮೆ ಓದಿ. ಒಂದು ಸರಿಮಾಡುವಾಗ ಇನ್ನೊಂದು ಕೆಟ್ಟ ಉದಾಹರಣೆ ಇದೆ.

ಕರ್ನಾಟಕದ ಗಾಡಿಯಾದರೆ ಈಗ ಎನ್‌ಒಸಿ ತೆಗೆಯುವ ಹೊತ್ತು. ಅದಕ್ಕೆ ಫಾರ್ಮ್ 28. ಅರ್ಜಿ ಕೊಟ್ಟು 30 ದಿನದೊಳಗೆ ಕಚೇರಿ ಏನೂ ಹೇಳದಿದ್ದರೆ ಎನ್‌ಒಸಿ ಕೊಟ್ಟ ಹಾಗೆಯೇ ಎಂದು 48ನೇ ಸೆಕ್ಷನ್ ಹೇಳುತ್ತದೆ, ಆದರೂ ಕಾಗದ ಕೈಯಲ್ಲಿದ್ದರೇ ಮುಂದಿನ ಕೌಂಟರಿನಲ್ಲಿ ಮಾತು ನಡೆಯುವುದು. ಕೊಂಡವರು 30 ದಿನದೊಳಗೆ ತಮ್ಮ ವಾಸದ ಕಚೇರಿಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ಹೊಸ ನಂಬರ್ ಪಡೆಯಲೇಬೇಕು, ಅದಕ್ಕೆ ಫಾರ್ಮ್ 27. ಇಲ್ಲಿ ಗಾಡಿಯ ವಯಸ್ಸು ನೋಡಿ ಕೇರಳದ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಅಲ್ಲಿ ಕಟ್ಟಿದ ಜೀವಾವಧಿ ತೆರಿಗೆಯ ಉಳಿದ ಭಾಗ ವಾಪಸ್ ಕೇಳಲು ಹಳೆ ಮಾಲೀಕರ ಸಹಕಾರ ಬೇಕಾಗಬಹುದು, ಅವರ ಫೋನ್ ನಂಬರ್ ಅಳಿಸಬೇಡಿ. ಟ್ರಾನ್ಸ್‌ಪೋರ್ಟ್‌ನಿಂದ ಖಾಸಗಿಗೆ ತಿದ್ದುಪಡಿಯಾಗಿದ್ದರೆ ಬಿಳಿ ಬಣ್ಣದ ಹೊಸ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಬೇಕು.

ಕೊನೆಗೆ ಇನ್ಶೂರೆನ್ಸ್. ಹೆಸರು ಬದಲಾದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಕಂಪನಿಗೆ ತಿಳಿಸಬೇಕು. ಆಗಲೇ ತಿದ್ದಿದ ಆರ್‌ಸಿಯ ಪ್ರತಿ ಕೊಟ್ಟು ವರ್ಗ, ಸಿಸಿ ಎರಡಕ್ಕೂ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯಲ್ಲಿ ಬದಲಾವಣೆಯ ನಮೂದು ಕೇಳಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಜೊತೆ ಹೋಗುತ್ತದೆ. ಪ್ರೀಮಿಯಂ ವ್ಯತ್ಯಾಸ ಇದ್ದರೆ ಕಟ್ಟಿ, ಎಂಡಾರ್ಸ್‌ಮೆಂಟ್ ಪುಟವನ್ನು ಪಾಲಿಸಿಯ ಜೊತೆಗೇ ಪಿನ್ ಹೊಡೆದು ಇಡಿ. ಹಳೆ ಆರ್‌ಸಿಯ ಒಂದು ಜೆರಾಕ್ಸ್, ತಿದ್ದುಪಡಿಯ ಅರ್ಜಿಯ ಸೀಲು ಹಾಕಿದ ಪ್ರತಿ, ತೆರಿಗೆ ರಸೀದಿ ಕೂಡ ಅದೇ ಫೈಲಿನಲ್ಲಿರಲಿ. ನೀವು ಮಾರುವಾಗ ಕೊಳ್ಳುವವರು ಕೇಳುತ್ತಾರೆ.